ಎಕ್ಸ್‌ಎಂಎಲ್ಲೂ ತಲೆಕೆಳಗಾದ ಮಾತ್ರೆ ಚೀಟಿಯೂ

ಇಂದಿರಾನಗರದ ಆ ಆಸ್ಪತ್ರೆಗೆ ನಾನು ಸೇರಿದ್ದು ಟೈಪಿಸ್ಟ್ ಆಗಿ. ಕಂಪ್ಯೂಟರ್ ಬಂದ ವರ್ಷ ಉಳಿದ ಇಬ್ಬರು ಟೈಪಿಸ್ಟರು ಅದರ ಹತ್ತಿರ ಸುಳಿಯಲು ಹೆದರಿದರು. ನಾನು ಹೆದರಲಿಲ್ಲ, ಅಷ್ಟೇ ನನ್ನ ಅರ್ಹತೆ. ಮೊದಲು ರೋಗಿಗಳ ಹೆಸರು ತುಂಬುವ ಕೆಲಸ ಮಾಡಿದೆ. ಆಮೇಲೆ ಹೆಸರು ತುಂಬುವ ಪರದೆಗಳನ್ನು ನಾನೇ ಮಾಡಲು ಕಲಿತೆ. ಕೊನೆಗೆ ಆ ಹೆಸರುಗಳೆಲ್ಲ ಹೋಗಿ ಕೂರುವ ಡೇಟಾಬೇಸನ್ನೂ ನಾನೇ ಕಟ್ಟಿದೆ. ರೋಗಿಗಳಿಗೊಂದು ಟೇಬಲ್, ಡಾಕ್ಟರುಗಳಿಗೊಂದು, ಔಷಧಿಗಳಿಗೊಂದು. ಒಂದರ ನಂಬರು ಇನ್ನೊಂದರಲ್ಲಿ ಇದ್ದರೆ ಸಾಕು, ಯಾವುದನ್ನು ಬೇಕಾದರೂ ಯಾವುದಕ್ಕೆ ಬೇಕಾದರೂ ಜೋಡಿಸಿ ನೋಡಬಹುದು. ಒಂದೇ ಸಂಗತಿಯನ್ನು ಎರಡು ಕಡೆ ಬರೆಯಬಾರದು ಎಂಬುದು ನನ್ನ ವ್ರತವಾಗಿತ್ತು. ಎಂಟು ವರ್ಷದಲ್ಲಿ ಆ ಟೇಬಲ್‌ಗಳು ನನಗೆ ನನ್ನ ಅಡುಗೆಮನೆಯ ಡಬ್ಬಗಳಷ್ಟೇ ಪರಿಚಿತವಾಗಿದ್ದವು. ಕತ್ತಲಲ್ಲಿ ಕೈ ಹಾಕಿದರೂ ಸಾಸಿವೆ ಯಾವುದು, ಜೀರಿಗೆ ಯಾವುದು ಎಂದು ಗೊತ್ತಾಗುತ್ತಿತ್ತು.

ಎರಡು ಸಾವಿರದ ಇಸವಿ ಕಳೆದು ಎರಡು ಮೂರು ವರ್ಷವಾಗಿದ್ದಾಗ, ನಮ್ಮ ಕಂಪ್ಯೂಟರ್ ವಿಭಾಗದ ಮುಖ್ಯಸ್ಥರು ಒಂದು ಸೋಮವಾರ ಬೆಳಿಗ್ಗೆ ನನ್ನ ಮೇಜಿನ ಹತ್ತಿರ ಬಂದು ನಿಂತರು. ಅವರು ಕೂರದೆ ನಿಂತರೆ ಕೆಲಸ ಹೆಚ್ಚುತ್ತದೆ ಎಂದು ನಮಗೆಲ್ಲ ಗೊತ್ತಿತ್ತು.

"ಮೇಡಂ, ಡಾಕ್ಟರ್ಸ್‌ಗೆ ಹೊಸ ಸಾಫ್ಟ್‌ವೇರ್ ಬರ್ತಿದೆ. ಅವ್ರು ಬರೆಯೋ ಪ್ರಿಸ್ಕ್ರಿಪ್ಷನ್ ಎಲ್ಲಾ ಎಕ್ಸ್‌ಎಂಎಲ್ ಫೈಲ್ ಆಗಿ ನಮ್ಮ ಸರ್ವರ್‌ಗೆ ಬಂದು ಬೀಳತ್ತೆ. ನೀವು ಅದನ್ನ ಡೇಟಾಬೇಸ್‌ಗೆ ತಗೊಂಡು, ಪೇಷೆಂಟ್‌ಗೆ ಕನ್ನಡದಲ್ಲಿ ಚೀಟಿ ಪ್ರಿಂಟ್ ಮಾಡಿ ಕೊಡ್ಬೇಕು."

"ಎಕ್ಸ್‌ಎಂಎಲ್ ನಂಗೆ ಬರಲ್ಲ ಸಾರ್."

"ಎರಡು ವಾರ ಇದೆಯಲ್ಲ, ಕಲೀರಿ. ಎಲ್ರೂ ಕಲೀತಿದಾರೆ."

ಕನ್ನಡದ ಚೀಟಿ ಎಂದದ್ದು ನನಗೆ ಇಷ್ಟವಾಯಿತು. ನಮ್ಮಲ್ಲಿಗೆ ಬರುತ್ತಿದ್ದವರಲ್ಲಿ ಅರ್ಧದಷ್ಟು ಜನ ಮಾರತ್ತಹಳ್ಳಿ, ಕೆ.ಆರ್. ಪುರದ ಕಡೆ ಕಟ್ಟಡದ ಕೆಲಸ ಮಾಡುವವರು, ರಾಯಚೂರು, ಕಲಬುರಗಿ ಕಡೆಯಿಂದ ಬಂದು ಬಾಡಿಗೆ ಕೋಣೆಗಳಲ್ಲಿ ಇದ್ದವರು. ಡಾಕ್ಟರರ ಇಂಗ್ಲಿಷ್ ಗೀಚು ಅವರಿಗೆ ಹೇಗೆ ಅರ್ಥವಾಗಬೇಕು? ಆದ್ದರಿಂದ ಹೂಂ ಎಂದೆ. ಆ ಎರಡು ವಾರ ಎರಡೂವರೆ ತಿಂಗಳಾಯಿತು.

ಮೊದಲು ನಾನು ಸಹಾಯ ಕೇಳಿದ್ದು ಔಷಧಿ ಕೌಂಟರಿನ ಹಿರಿಯ ಫಾರ್ಮಸಿಸ್ಟರನ್ನು. ಶಿವಾಜಿನಗರದವರು, ಮನೆಯಲ್ಲಿ ದಖನಿ ಮಾತು. ಇಡೀ ಆಸ್ಪತ್ರೆ ಅವರನ್ನು ಭಾಯ್ ಎನ್ನುತ್ತಿತ್ತು. ಅವರಿಗೆ ಕಂಪ್ಯೂಟರ್ ಗೊತ್ತಿರಲಿಲ್ಲ, ಆದರೆ ಊರು ಗೊತ್ತಿತ್ತು. "ಅರೆ ಮೇಡಂ, ನಮ್ಮ ಗಲ್ಲೀಲೇ ಒಂದು ಕ್ಲಾಸ್ ಇದೆ. ರಸೆಲ್ ಮಾರ್ಕೆಟ್ ಹಿಂದೆ, ಬೈಂಡಿಂಗ್ ಅಂಗಡಿ ಮೇಲೆ. ಸಂಡೇ ಹೋಗಿ" ಎಂದರು.

ಮೂರು ಭಾನುವಾರ ಹೋದೆ. ಎಂಟು ಕಂಪ್ಯೂಟರ್, ಮೂವತ್ತು ಜನ. ಕೆಳಗೆ ಬೈಂಡಿಂಗ್ ಅಂಗಡಿಯ ಗೋಂದಿನ ವಾಸನೆ, ಕಿಟಕಿಯಾಚೆಯಿಂದ ಕೋಳಿಗಳ ಗಲಾಟೆ. ಕಲಿಸುವವನು ನನಗಿಂತ ಹತ್ತು ವರ್ಷ ಚಿಕ್ಕವನು. ಬೋರ್ಡಿನ ಮೇಲೆ ಪುಸ್ತಕದ ಉದಾಹರಣೆ ಬರೆದ. ಪುಸ್ತಕ ಎಂಬ ಟ್ಯಾಗ್ ತೆರೆ, ಒಳಗೆ ಶೀರ್ಷಿಕೆ ಎಂಬ ಟ್ಯಾಗ್, ಲೇಖಕ ಎಂಬ ಟ್ಯಾಗ್, ಆಮೇಲೆ ಪುಸ್ತಕದ ಟ್ಯಾಗ್ ಮುಚ್ಚು. ಪ್ರತಿಯೊಂದು ಮಾತಿಗೂ ಒಂದು ಬಾಗಿಲು ತೆರೆದು ಒಂದು ಬಾಗಿಲು ಮುಚ್ಚಬೇಕು. ಇಷ್ಟೇ. ಎರಡನೆಯ ಭಾನುವಾರವೂ ಪುಸ್ತಕ. ಮೂರನೆಯ ಭಾನುವಾರ ಪುಸ್ತಕದ ಬದಲು ಸಿಡಿ.

ನಾನು ಕೈಯೆತ್ತಿದೆ. "ಸಾರ್, ಒಂದು ಪ್ರಿಸ್ಕ್ರಿಪ್ಷನ್ ಒಳಗೆ ಐದು ಔಷಧಿ ಇದೆ, ಒಂದೊಂದು ಔಷಧಿ ಒಳಗೆ ಇಷ್ಟು ದಿನ ಇಷ್ಟು ಮಾತ್ರೆ ಅಂತ ಮೂರು ನಾಲ್ಕು ಹಂತ ಇದೆ. ಅದನ್ನ ಟೇಬಲ್‌ಗೆ ಹೇಗೆ ಹಾಕೋದು?"

"ಅದು ಅಡ್ವಾನ್ಸ್ಡ್ ಕೋರ್ಸಲ್ಲಿ ಬರತ್ತೆ ಮೇಡಂ."

"ಅಡ್ವಾನ್ಸ್ಡ್ ಕೋರ್ಸ್ ಯಾವಾಗ?"

"ಇಪ್ಪತ್ತು ಜನ ಸೇರಿದ್ಮೇಲೆ."

ನಾನು ನಾಲ್ಕನೆಯ ಭಾನುವಾರ ಹೋಗಲಿಲ್ಲ.

ಅಷ್ಟರಲ್ಲಿ ಪರೀಕ್ಷೆಗೆಂದು ನಿಜವಾದ ಫೈಲುಗಳು ಬರತೊಡಗಿದ್ದವು. ತೆರೆದು ನೋಡಿದರೆ ಎಲ್ಲ ಕಣ್ಣಿಗೆ ಕಾಣುತ್ತಿತ್ತು. ರೋಗಿ, ಡಾಕ್ಟರು, ಔಷಧಿ, ಎಷ್ಟು ದಿನ, ಎಲ್ಲ. ಆದರೆ ಡೇಟಾಬೇಸಿಗೆ ಇದರೊಳಗಿನ ಔಷಧಿಗಳನ್ನು ತೆಗೆದುಕೊಡು ಎಂದು ಕೇಳಿದರೆ ಏನೂ ಕೊಡುತ್ತಿರಲಿಲ್ಲ. ತಪ್ಪಾಗಿದೆ ಎಂದಾದರೂ ಹೇಳಿದರೆ ಸಮಾಧಾನ. ಅದೂ ಇಲ್ಲ. ತಪ್ಪಿಲ್ಲ, ಸಾಲೂ ಇಲ್ಲ. ಅಂಗಡಿಯವನ ಕಣ್ಣೆದುರೇ ಅಕ್ಕಿ ಮೂಟೆ ಇದ್ದು, ಅಕ್ಕಿ ಕೊಡಪ್ಪ ಎಂದರೆ ನಗುತ್ತ ಬರಿಗೈ ತೋರಿಸಿದರೆ ಹೇಗಿರುತ್ತದೆ, ಹಾಗೆ. ನಾಲ್ಕು ದಿನ ಕಾಗುಣಿತ ನೋಡಿದೆ, ದೊಡ್ಡ ಅಕ್ಷರ ಚಿಕ್ಕ ಅಕ್ಷರ ನೋಡಿದೆ. ಫೈಲಿನ ಮೊದಲ ಸಾಲಿನಲ್ಲಿ ಒಂದು ಉದ್ದನೆಯ ವೆಬ್‌ಸೈಟ್ ವಿಳಾಸವಿತ್ತು. ಉತ್ತರ ಅಲ್ಲಿರಬಹುದೆಂದು ಹಲಸೂರಿನ ಸೈಬರ್ ಕೆಫೆಗೆ ಹೋಗಿ ಆ ವಿಳಾಸ ಹೊಡೆದೆ. ಅಂಥ ಪುಟವೇ ಇರಲಿಲ್ಲ.

ಸಾಫ್ಟ್‌ವೇರ್ ಕಂಪನಿಗೆ ಫೋನ್ ಮಾಡಿದಾಗಲೆಲ್ಲ "ಸ್ಟ್ಯಾಂಡರ್ಡ್ ಫಾರ್ಮ್ಯಾಟೇ ಮೇಡಂ" ಎಂದು ಇಟ್ಟುಬಿಡುತ್ತಿದ್ದರು. ಕೊನೆಗೆ ಒಂದು ದಿನ ಫೈಲನ್ನು ಫ್ಲಾಪಿಗೆ ಹಾಕಿಕೊಂಡು ಎರಡು ಬಸ್ಸು ಹತ್ತಿ ದೊಡ್ಡನೆಕ್ಕುಂದಿಯ ಅವರ ಆಫೀಸಿಗೆ ನಾನೇ ಹೋದೆ. ಗೇಟಿನಲ್ಲಿ ಹೆಸರು ಬರೆಸಿಕೊಂಡು ಕುತ್ತಿಗೆಗೆ ಪಟ್ಟಿ ಹಾಕಿ ಒಂದೂವರೆ ಗಂಟೆ ಕೂರಿಸಿದರು. ಆಮೇಲೆ ಒಬ್ಬ ಹುಡುಗಿ ಬಂದಳು, ಕೈಯಲ್ಲಿ ಕಾಫಿ ಲೋಟ. ಫೈಲನ್ನು ನೋಡಿ ಲೋಟ ಕೆಳಗಿಡುವ ಮುಂಚೆಯೇ ಹೇಳಿದಳು.

"ಅಕ್ಕಾ, ಮೇಲೆ ನೇಮ್‌ಸ್ಪೇಸ್ ಇದೆ ನೋಡಿ. ಈ ಟ್ಯಾಗ್‌ಗಳೆಲ್ಲ ಆ ಹೆಸರಿಗೆ ಸೇರಿದ್ದು. ನೀವು ಬರೀ ಔಷಧಿ ಅಂತ ಕೇಳಿದ್ರೆ ಅದು ಬೇರೆ ಔಷಧಿ ಅನ್ಕೊಳತ್ತೆ. ಆ ಹೆಸರು ಸೇರಿಸಿ ಕೇಳ್ಬೇಕು."

"ಯಾವ ಹೆಸರು? ಅದು ವಿಳಾಸ ಅಲ್ವೇನಮ್ಮ?"

"ವಿಳಾಸದ ಥರ ಇರತ್ತೆ. ಆದ್ರೆ ಬರೀ ಹೆಸರು."

"ಹೆಸರಾದ್ರೆ ಹೆಸರಿನ ಥರ ಇರಕ್ಕೇನು ರೋಗ?"

ಅವಳು ನಕ್ಕಳು. ನನಗೆ ನಗು ಬರಲಿಲ್ಲ. ನಾಲ್ಕು ದಿನ ಮತ್ತು ನಾಲ್ಕು ಬಸ್ಸು, ಒಂದು ಸಾಲಿನ ಉತ್ತರಕ್ಕೆ. ಬರುವಾಗ ಮಾರತ್ತಹಳ್ಳಿ ಜಂಕ್ಷನ್ನಿನಲ್ಲಿ ಬಸ್ಸು ಮುಕ್ಕಾಲು ಗಂಟೆ ನಿಂತಿತು. ಕಿಟಕಿಯ ಪಕ್ಕ ಕೂತು ಆ ಸಾಲನ್ನು ಟಿಕೆಟ್ಟಿನ ಹಿಂದೆ ಬರೆದುಕೊಂಡು ಮತ್ತೆ ಮತ್ತೆ ಓದಿದೆ, ಮರೆತರೆ ಮತ್ತೆ ಅಲ್ಲಿಗೆ ಬರಬೇಕಾದೀತು ಎಂಬ ಭಯದಿಂದ.

ಅದು ಸರಿಹೋದ ಮೇಲೆ ಇನ್ನೊಂದು. ಡಾಕ್ಟರೊಬ್ಬರು ಜ್ವರ, ನೆಗಡಿ ಎಂದು ಬರೆಯುವ ಕಡೆ ನಡುವೆ 'ಮತ್ತು' ಎಂಬುದಕ್ಕೆ ಇಂಗ್ಲಿಷಿನ ಆ ಸುರುಳಿ ಚಿಹ್ನೆ, &, ಹಾಕುತ್ತಿದ್ದರು. ಎಕ್ಸ್‌ಎಂಎಲ್‌ನಲ್ಲಿ ಆ ಚಿಹ್ನೆಗೆ ಬೇರೆಯೇ ಅರ್ಥವಂತೆ. ಅದೊಂದಿದ್ದರೆ ಇಡೀ ಫೈಲೇ ಅಶುದ್ಧ, ಮುಟ್ಟುವುದೇ ಇಲ್ಲ. ಕಂಪನಿಯವರು ತಮ್ಮ ಕಡೆ ಸರಿಮಾಡಬೇಕಿತ್ತು, ಮಾಡಲಿಲ್ಲ. ಡಾಕ್ಟರರನ್ನು ಕೇಳಿದರೆ, "ನಾನು ಇಪ್ಪತ್ತು ವರ್ಷದಿಂದ ಹೀಗೇ ಬರೀತಿದೀನಿ, ನಿಮ್ಮ ಕಂಪ್ಯೂಟರ್‌ಗೆ ಹೇಳಿ" ಎಂದರು. ಕಂಪ್ಯೂಟರಿಗೆ ಹೇಳುವುದೇ ನನ್ನ ಕೆಲಸವಾದ್ದರಿಂದ ಅದನ್ನೂ ಮಾಡಿದೆ.

ಅಂತೂ ಒಂದು ದಿನ ಎಲ್ಲ ಓಡಿತು. ಫೈಲು ಬಂದು ಬೀಳುತ್ತದೆ, ನನ್ನ ಪ್ರೋಗ್ರಾಂ ಅದನ್ನು ಬಿಡಿಸಿ ಟೇಬಲ್‌ಗಳಿಗೆ ಹಂಚುತ್ತದೆ, ಕೌಂಟರಿನ ಪ್ರಿಂಟರಿನಿಂದ ಕನ್ನಡದ ಚೀಟಿ ಹೊರಬರುತ್ತದೆ. 'ಬೆಳಿಗ್ಗೆ ಊಟದ ನಂತರ ಒಂದು ಮಾತ್ರೆ, ಐದು ದಿನ.' ಮುಖ್ಯಸ್ಥರು ಆಡಳಿತದವರನ್ನು ಕರೆದು ತೋರಿಸಿದರು. ಭಾಯ್ ಮೊದಲ ಚೀಟಿಯನ್ನು ಬೆಳಕಿಗೆ ಹಿಡಿದು ನೋಡಿ, "ಮಸ್ತ್ ಹೈ ಮೇಡಂ" ಎಂದರು. ಟೇಬಲ್‌ಗೆ ಹೋದ ಮೇಲೆ ಮೂಲ ಫೈಲನ್ನು ಅಳಿಸಿಬಿಡುವಂತೆ ನಾನು ಬರೆದಿದ್ದೆ. ಒಂದೇ ಸಂಗತಿ ಎರಡು ಕಡೆ ಏಕೆ? ಡಿಸ್ಕಿನಲ್ಲಿ ಜಾಗವೂ ಕಡಿಮೆ ಇತ್ತು.

ಎರಡು ವಾರ ಕಳೆದಿರಬೇಕು. ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಭಾಯ್ ಒಬ್ಬ ಹೆಂಗಸನ್ನು ನನ್ನ ಕೋಣೆಗೆ ಕರೆದುಕೊಂಡು ಬಂದರು. ಮೂವತ್ತರ ಆಸುಪಾಸು, ಸಿಮೆಂಟಿನಿಂದ ಬಿರಿದ ಕೈ, ಉಬ್ಬಸ. ಕೆಲಸಕ್ಕೆ ರಜೆ ಹಾಕಿ ಬಂದಿದ್ದಳು.

"ಅಕ್ಕಾರ, ಡಾಕ್ಟರ್ ನನಗ ಮೊದಲ ದಿನಕ್ಕ ನಾಕ್ ಗುಳಿಗಿ ತಗೋ, ಆಮ್ಯಾಲ ಕಮ್ಮಿ ಮಾಡ್ಕೋತ ಹೋಗು ಅಂದಾರ್ರಿ. ಈ ಚೀಟಿಯಾಗ ಮೊದಲ ಒಂದು ಅಂತ ಅದ, ಆಮ್ಯಾಲ ಎರಡು, ಮೂರು, ನಾಕು ಅಂತ ಅದ. ಯಾವ್ದು ಖರೇ ರಿ?"

"ನೀನು ಯಾವ್ದು ತಗೊಂಡೆ?"

"ನಾ ಡಾಕ್ಟರ್ ಮಾತು ಕೇಳ್ದೆ. ಏಳನೇತ್ತ ತನಕ ಓದೀನ್ರಿ, ಓದಾಕ ಬರ್ತದ. ಆದ್ರ ಹಿಂಗ್ಯಾಕ ಬರದಾರ ಅಂತ ಕೇಳ್ಬೇಕಲ್ರಿ, ಅದಕ್ಕ ಬಂದೆ."

ಚೀಟಿ ಕೈಗೆ ತೆಗೆದುಕೊಂಡೆ. ಐದು ದಿನ ಒಂದು ಮಾತ್ರೆ, ಐದು ದಿನ ಎರಡು, ಐದು ದಿನ ಮೂರು, ಐದು ದಿನ ನಾಲ್ಕು. ಭಾಯ್ ಮೆಲ್ಲಗೆ ಹೇಳಿದರು, "ಪೂರಾ ಉಲ್ಟಾ ಮೇಡಂ. ಇದು ಸ್ಟೀರಾಯ್ಡ್. ಜಾಸ್ತಿಯಿಂದ ಶುರು ಮಾಡಿ ಇಳಿಸ್ತಾ ಬರ್ಬೇಕು. ನಾಲ್ಕಕ್ಕೆ ಏರಿಸಿ ಫಟ್ ಅಂತ ನಿಲ್ಲಿಸಿದ್ರೆ ಡೇಂಜರ್."

ಎಲ್ಲಿ ತಪ್ಪಿದ್ದೇನೆ ಎಂದು ಹುಡುಕಬೇಕಾಗಲಿಲ್ಲ. ಫೈಲಿನಲ್ಲಿ ಮೊದಲು ಬರೆದದ್ದು ಮೊದಲು, ಆಮೇಲೆ ಬರೆದದ್ದು ಆಮೇಲೆ. ಆ ಅನುಕ್ರಮಕ್ಕೇ ಅಲ್ಲಿ ಅರ್ಥವಿತ್ತು. ಟೇಬಲ್‌ನಲ್ಲಿ ಸಾಲುಗಳಿಗೆ ಹಿಂದು ಮುಂದು ಎಂಬುದಿಲ್ಲ, ಚೀಲದಲ್ಲಿನ ಕಾಳಿನ ಹಾಗೆ. ಇದನ್ನು ಹೊಸದಾಗಿ ಬಂದವರಿಗೆಲ್ಲ ನಾನೇ ಪಾಠ ಹೇಳುತ್ತಿದ್ದೆ. ಅಷ್ಟು ಹೇಳಿಯೂ, ಯಾವ ಹಂತ ಮೊದಲು ಎಂದು ಬರೆದಿಡದೆ, ಚೀಟಿ ನಂಬರು, ಔಷಧಿ, ಮಾತ್ರೆಗಳ ಎಣಿಕೆ ಮೂರನ್ನೂ ಸೇರಿಸಿ ಸಾಲಿನ ಗುರುತು ಮಾಡಿದ್ದೆ. ಡೇಟಾಬೇಸ್ ತನಗೆ ಅನುಕೂಲವಾದಂತೆ ಆ ಎಣಿಕೆಯ ಕ್ರಮದಲ್ಲೇ ಸಾಲುಗಳನ್ನು ಕೊಟ್ಟಿತ್ತು, ಒಂದು, ಎರಡು, ಮೂರು, ನಾಲ್ಕು. ಪರೀಕ್ಷೆ ಮಾಡಿದ ಚೀಟಿಗಳಲ್ಲೆಲ್ಲ ಬೇರೆ ಬೇರೆ ಔಷಧಿಗಳು, ಹಿಂದು ಮುಂದಾದರೂ ತೊಂದರೆಯಿಲ್ಲದವು. ಇಳಿಸುತ್ತ ಬರುವ ಔಷಧಿಯ ಒಂದೇ ಒಂದು ಚೀಟಿಯನ್ನು ನಾನು ಪರೀಕ್ಷಿಸಿರಲಿಲ್ಲ.

ಆ ಹೆಂಗಸಿಗೆ, "ತಪ್ಪು ನಮ್ದಮ್ಮ. ಡಾಕ್ಟರ್ ಹೇಳಿದ್ದೇ ಸರಿ. ನೀನು ಬಂದು ಕೇಳಿದ್ದು ತುಂಬಾ ಒಳ್ಳೇದಾಯ್ತು" ಎಂದೆ. ಅವಳು, "ಸರಿ ಮಾಡ್ರಿ ಮತ್ತ, ಎಲ್ಲಾರೂ ಕೇಳಂಗಿಲ್ಲ" ಎಂದು ಎದ್ದು ಹೋದಳು.

ಪ್ರಿಂಟರನ್ನು ತಕ್ಷಣ ನಿಲ್ಲಿಸಿ ಮುಖ್ಯಸ್ಥರ ಬಳಿಗೆ ಹೋದೆ. ಅವರು ಕೇಳಿದ ಮೊದಲ ಮಾತು, "ಆರ್ಡರ್ ಬೈ ಹಾಕಿ ಸಾಲುಗಳನ್ನ ಕ್ರಮಕ್ಕೆ ತಂದ್ರೆ ಆಯ್ತಲ್ಲ?"

"ಯಾವುದರ ಪ್ರಕಾರ ಸಾರ್? ಯಾವ್ದು ಮೊದ್ಲು ಅಂತ ಟೇಬಲ್‌ನಲ್ಲಿ ಬರ್ದೇ ಇಲ್ಲ."

"ಜಾಸ್ತಿಯಿಂದ ಕಮ್ಮಿಗೆ ಹಾಕಿ."

"ಕೆಲವು ಔಷಧಿ ಕಮ್ಮಿಯಿಂದ ಜಾಸ್ತಿಗೆ ಹೋಗತ್ತೆ ಸಾರ್. ಅವು ಉಲ್ಟಾ ಆಗತ್ತೆ."

"ಹಾಗಾದ್ರೆ ಹಳೇ ಫೈಲ್‌ಗಳನ್ನ ಮತ್ತೆ ಲೋಡ್ ಮಾಡಿ."

ಅಳಿಸಿದ್ದೇನೆ ಎಂದು ಹೇಳಬೇಕಾಯಿತು. ಕಂಪನಿಯವರ ಬಳಿ ಪ್ರತಿ ಇದೆಯೇ ಎಂದು ಕೇಳಿದರೆ, ಕಳಿಸಿದ ಮೇಲೆ ಇಟ್ಟುಕೊಳ್ಳುವುದಿಲ್ಲ ಎಂಬ ಉತ್ತರ. ಡಾಕ್ಟರುಗಳ ಕೇಸ್ ಶೀಟು ಮಾತ್ರ ಉಳಿದಿತ್ತು, ಕಾಗದದ್ದು. ಹೊಸದರ ಮೇಲೆ ನಂಬಿಕೆಯಿಲ್ಲದೆ ಅವರೆಲ್ಲ ಕೈಯಲ್ಲೂ ಬರೆದಿಡುತ್ತಿದ್ದರು. ಅವರ ಆ ಅಪನಂಬಿಕೆಗೆ ಎರಡು ತಿಂಗಳಿಂದ ಗೊಣಗಿದವಳು ಅವತ್ತು ಕೈಮುಗಿದೆ.

ಒಂದೇ ಔಷಧಿಗೆ ಒಂದಕ್ಕಿಂತ ಹೆಚ್ಚು ಹಂತ ಇದ್ದ ಚೀಟಿಗಳನ್ನು ಟೇಬಲ್‌ನಿಂದ ತೆಗೆದೆ. ಹತ್ತೊಂಬತ್ತು. ಭಾಯ್ ತಮ್ಮ ಊಟದ ಡಬ್ಬಿ ಹಿಡಿದು ನನ್ನ ಕೋಣೆಗೆ ಬಂದು ಕೂತರು. ಒಂದೊಂದೇ ಕೇಸ್ ಶೀಟು ತರಿಸಿ ಚೀಟಿಯ ಪಕ್ಕ ಇಟ್ಟು ಓದಿದೆವು. ಕೆಲವು ಅದೃಷ್ಟಕ್ಕೆ ಸರಿಯಾಗಿಯೇ ಇದ್ದವು, ಏರಿಸುವ ಔಷಧಿಗಳು. ಹನ್ನೊಂದು ತಲೆಕೆಳಗಾಗಿದ್ದವು. ಒಂದು ಆ ಹೆಂಗಸಿನದು. ಉಳಿದವರಲ್ಲಿ ಏಳು ಜನ ಫೋನಿಗೆ ಸಿಕ್ಕರು. ಮೂವರಿಗೆ ಫೋನ್ ಇರಲಿಲ್ಲ.

ಫೋನ್ ಮಾಡುವ ಮುಂಚೆ ಮುಖ್ಯಸ್ಥರು ಬಾಗಿಲಲ್ಲಿ ನಿಂತು, "ಪ್ರಿಂಟರ್ ಪ್ರಾಬ್ಲಂ ಅಂತ ಹೇಳಿ, ಸಾಕು" ಎಂದರು.

"ಪ್ರಿಂಟರ್ ಏನು ಮಾಡಿತ್ತು ಸಾರ್ ಪಾಪ" ಎಂದು ಬಾಯಿಗೆ ಬಂದುಬಿಟ್ಟಿತು. ಎಂಟು ವರ್ಷದಲ್ಲಿ ಅವರಿಗೆ ನಾನು ಎದುರಾಡಿದ್ದು ಅದೇ ಮೊದಲು. ಅವರು ಬಾಗಿಲು ಎಳೆದುಕೊಂಡು ಹೋದರು. ನಾನು ಏಳು ಜನರಿಗೂ ಚೀಟಿ ನಾನು ತಪ್ಪಾಗಿ ಮಾಡಿದ್ದೆಂದೇ ಹೇಳಿದೆ. ಇಬ್ಬರು ಬೈದರು. ಒಬ್ಬರು, ಚೀಟಿ ನೋಡೇ ಇಲ್ಲ, ಮಗಳು ಹೇಳಿದ ಹಾಗೆ ನುಂಗುತ್ತಿದ್ದೇನೆ ಎಂದರು. ಎಲ್ಲರಿಗೂ ಬಂದು ಡಾಕ್ಟರರಿಗೆ ತೋರಿಸಿಕೊಳ್ಳಿ ಎಂದೆ, ಎಲ್ಲರೂ ಬಂದರು.

ಫೋನಿಲ್ಲದ ಮೂವರನ್ನು ಹುಡುಕಲು ಮರುದಿನ ಬೆಳಿಗ್ಗೆ ನಾನೂ ಭಾಯ್ ಅವರೂ ಹೊರಟೆವು. ಮೊದಲನೆಯವರು ಹಲಸೂರಿನಲ್ಲಿ, ಕೆರೆಯ ಕಡೆಯ ಒಂದು ಸಂದಿಯಲ್ಲಿ. ಎಪ್ಪತ್ತು ದಾಟಿದ ದರ್ಜಿ, ಕೀಲುನೋವಿಗೆ ಔಷಧಿ. ಕೈಬೆರಳುಗಳು ಇನ್ನೂ ಊದಿಕೊಂಡೇ ಇದ್ದವು. ಚೀಟಿಯನ್ನು ಗೋಡೆಯ ಕ್ಯಾಲೆಂಡರಿಗೆ ಪಿನ್ನು ಹಾಕಿ ಸಿಕ್ಕಿಸಿ, ನುಂಗಿದ ದಿನಗಳಿಗೆ ಸೀಮೆಸುಣ್ಣದಲ್ಲಿ ಗೀಟು ಹಾಕಿದ್ದರು. ಚೀಟಿ ಹೇಳಿದ್ದನ್ನು ಒಂದು ದಿನವೂ ತಪ್ಪಿಸಿರಲಿಲ್ಲ. ಮೂರರ ಹಂತದಲ್ಲಿದ್ದರು.

ನಾನು ವಿಷಯ ಹೇಳಿದೆ. ಅವರದು ಮನೆಯಲ್ಲಿ ತಮಿಳು, ನಮ್ಮೊಡನೆ ಕನ್ನಡ.

"ಏನಮ್ಮಾ ಇದು? ಕನ್ನಡದಲ್ಲಿ ಕೊಟ್ಟಿದಾರೆ, ಅಚ್ಚು ಹಾಕ್ಸಿ ಕೊಟ್ಟಿದಾರೆ ಅಂತ ನಾನು ಎಲ್ರಿಗೂ ತೋರ್ಸಿದೆ. ಡಾಕ್ಟರ್ ಬೇರೆ ಥರ ಹೇಳಿದ ಹಾಗಿತ್ತು, ನಂಗೆ ವಯಸ್ಸಾಯ್ತು, ಮರ್ತಿರ್ಬೇಕು ಅನ್ಕೊಂಡೆ."

ಬೈದಿದ್ದರೆ ಚೆನ್ನಾಗಿತ್ತು. ತಮ್ಮ ನೆನಪನ್ನೇ ಅನುಮಾನಿಸಿ ನನ್ನ ಚೀಟಿಯನ್ನು ನಂಬಿದ್ದರು. ಭಾಯ್ ಅವರ ಪಕ್ಕದಲ್ಲಿ ನೆಲದ ಮೇಲೆ ಕೂತು, "ಯಜಮಾನ್ರೇ, ನಿಮ್ಮ ನೆನಪು ಪಕ್ಕಾ ಇದೆ. ಮಿಸ್ಟೇಕ್ ನಮ್ದು" ಎಂದರು. ಆಟೋದಲ್ಲಿ ಅವರನ್ನು ಆಸ್ಪತ್ರೆಗೆ ಕರೆದೊಯ್ದೆವು. ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ, ಗಾಬರಿಯಾಗುವಂಥದ್ದಿಲ್ಲ, ಆದರೆ ಮೊದಲಿನಿಂದ ಶುರುಮಾಡಬೇಕು ಎಂದರು. ಅಂದರೆ ಅವರ ಹತ್ತು ಹನ್ನೆರಡು ದಿನದ ನೋವು ದಂಡ. ಹೊಸ ಚೀಟಿಯನ್ನು ಕೈಯಲ್ಲೇ ಬರೆದು ಕೊಡಿ ಎಂದು ದರ್ಜಿ ಕೇಳಿದರು. ನಾನು ಬರೆದೆ, ಭಾಯ್ ಓದಿದರು, ಡಾಕ್ಟರು ಸಹಿ ಹಾಕಿದರು.

ಎರಡನೆಯವರು ಮಾರತ್ತಹಳ್ಳಿಯಲ್ಲಿ ಸಿಕ್ಕರು. ಇನ್ನೂ ಔಷಧಿಯನ್ನೇ ಕೊಂಡಿರಲಿಲ್ಲ. ಮೂರನೆಯವರದು ಕೆ.ಆರ್. ಪುರದ ರೈಲ್ವೆ ಹಳಿಯಾಚೆ, ಶೀಟಿನ ಮನೆಗಳ ಸಾಲು. ಯಾದಗಿರಿ ಕಡೆಯ ಒಂದು ಕುಟುಂಬ, ರೋಗಿ ಇಪ್ಪತ್ತೆರಡರ ಹೆಣ್ಣುಮಗಳು. ಕೋಣೆಗೆ ಬೀಗ. ಮನೆಯೊಡತಿ, "ಅವ್ರು ಮೊನ್ನೆ ಖಾಲಿ ಮಾಡ್ಕೊಂಡ್ ಹೋದ್ರು. ಹೊಸಕೋಟೆ ಕಡೆ ಎಲ್ಲೋ ಸೈಟ್ ಕೆಲಸ ಅಂದ್ರು" ಎಂದಳು. ಎಲ್ಲಿ ಎಂದು ಯಾರಿಗೂ ಗೊತ್ತಿರಲಿಲ್ಲ. ಮುಂದಿನ ಭಾನುವಾರ ನಾನೊಬ್ಬಳೇ ಹೊಸಕೋಟೆ ರಸ್ತೆಗೆ ಹೋಗಿ ಕಟ್ಟುತ್ತಿದ್ದ ಕಟ್ಟಡಗಳ ಮುಂದೆಲ್ಲ ಹೆಸರು ಹೇಳಿ ಕೇಳಿದೆ. ಸಿಗಲಿಲ್ಲ. ಆಸ್ಪತ್ರೆಗೂ ಅವಳು ಮತ್ತೆ ಬರಲಿಲ್ಲ. ಬೇರೆ ಕಡೆ ತೋರಿಸಿಕೊಂಡಳೋ, ಡಾಕ್ಟರರ ಮಾತನ್ನೇ ನೆನಪಿಟ್ಟಿದ್ದಳೋ, ಗೊತ್ತಿಲ್ಲ. ಅವಳ ಆಸ್ಪತ್ರೆ ಕಾರ್ಡಿನ ನಂಬರು ನನಗೆ ಇಂದಿಗೂ ಬಾಯಿಪಾಠ.

ಮುಖ್ಯಸ್ಥರು ಮೇಲಿನವರಿಗೆ ಕೊಟ್ಟ ವರದಿಯಲ್ಲಿ 'ಸಣ್ಣ ತಾಂತ್ರಿಕ ತೊಂದರೆ, ಸರಿಪಡಿಸಲಾಗಿದೆ' ಎಂದಿತ್ತು. ನಾನು ಬೇರೆಯಾಗಿ ಅರ್ಧ ಪುಟ ಬರೆದು ವೈದ್ಯಕೀಯ ಅಧೀಕ್ಷಕಿಗೆ ಕೊಟ್ಟೆ, ಏನು ಮಾಡಿದೆ, ಏನು ಪರೀಕ್ಷಿಸಲಿಲ್ಲ, ಯಾರು ಸಿಗಲಿಲ್ಲ ಎಂದು. ಕೆಲಸ ಹೋಗಬಹುದು ಎಂದುಕೊಂಡಿದ್ದೆ. ಅವರು ಓದಿ, ಕನ್ನಡಕ ತೆಗೆದು ಕೇಳಿದರು, "ಚೀಟಿ ನಿಲ್ಲಿಸಿಬಿಡೋಣ್ವಾ?"

"ಬೇಡ ಮೇಡಂ. ನಾನು ಸರಿ ಮಾಡ್ತೀನಿ. ಆದ್ರೆ ಕೊಡೋ ಮುಂಚೆ ಭಾಯ್ ಡಾಕ್ಟರ್ ಬರೆದಿರೋದರ ಜೊತೆ ಇಟ್ಟು ಓದ್ಬೇಕು."

ಅದಕ್ಕೆ ಒಪ್ಪಿದರು. ಟೇಬಲ್‌ಗೆ ಕ್ರಮಸಂಖ್ಯೆ ಎಂಬ ಒಂದು ಕಾಲಂ ಸೇರಿಸಿದೆ. ಮೂರು ನಿಮಿಷದ ಕೆಲಸ. ಬಂದ ಫೈಲನ್ನು ಇಡಿಯಾಗಿ, ಬಂದ ಹಾಗೆಯೇ, ಇನ್ನೊಂದು ಕಾಲಂನಲ್ಲಿ ಉಳಿಸತೊಡಗಿದೆ. ಒಂದು ಸಂಗತಿ ಎರಡು ಕಡೆ. ನನ್ನ ವ್ರತ ಮುರಿಯಿತು, ಮುರಿದದ್ದಕ್ಕೆ ಬೇಸರವಾಗಲಿಲ್ಲ.

ತಿಂಗಳಾದ ಮೇಲೆ ಮುಖ್ಯಸ್ಥರು ಮತ್ತೆ ನನ್ನ ಮೇಜಿನ ಹತ್ತಿರ ನಿಂತರು. ಲ್ಯಾಬಿನ ವರದಿಗಳೂ ಎಕ್ಸ್‌ಎಂಎಲ್ ಆಗುತ್ತವಂತೆ, ಎರಡು ವಾರ ಸಾಕಲ್ಲವೇ ಎಂದರು. ನಾನು ಮೂರು ತಿಂಗಳು ಬೇಕು ಎಂದೆ, ಲ್ಯಾಬಿನವರು ಒಬ್ಬರು ಪಕ್ಕದಲ್ಲಿ ಕೂರಬೇಕು ಎಂದೆ, ಇಷ್ಟನ್ನೂ ಬರೆದುಕೊಡಿ ಎಂದೆ. ಅವರು ನಿಟ್ಟುಸಿರು ಬಿಟ್ಟು ಕುರ್ಚಿ ಎಳೆದುಕೊಂಡು ಕೂತರು.